ಇಕ್ಕಟ್ಟಿನ ಪೇಟೆ, ಲೆಕ್ಕಕ್ಕೆ ಬಾರದ ಬಾಡಿಗೆ

ಬೆಂಗಳೂರಿನ ಹಳೆಯ ಪೇಟೆಯಲ್ಲಿ ವ್ಯವಹಾರ ನಡೆಸುವವರಿಗೆ ಇಕ್ಕಟ್ಟು ಹೊಸ ಸಂಗತಿಯಲ್ಲ. ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ ಎಂಬ ಹೆಸರುಗಳೇ ಸೂಚಿಸುವಂತೆ, ಒಂದೊಂದು ಸರಕಿಗೆ ಒಂದೊಂದು ಬೀದಿ ಎಂಬ ಕ್ರಮದಲ್ಲಿ ಬೆಳೆದ ಊರಿದು. ಎತ್ತಿನ ಗಾಡಿಗಳ ಕಾಲದ ಓಣಿಗಳಲ್ಲಿ ಇಂದು ಸರಕು ಆಟೋ, ಕೈಗಾಡಿ, ದ್ವಿಚಕ್ರ ವಾಹನ ಹಾಗೂ ಗ್ರಾಹಕರು ಒಟ್ಟಿಗೆ ಸಾಗಬೇಕಾಗಿದೆ. 2017ರಲ್ಲಿ ಚಿಕ್ಕಪೇಟೆಗೆ ಮೆಟ್ರೊ ಬಂದಿತು. ಗ್ರಾಹಕರ ದಾರಿ ಸುಗಮವಾಯಿತು, ಸರಕಿನ ದಾರಿ ಆಗಲಿಲ್ಲ. ರಸ್ತೆ, ವಾಹನ ನಿಲುಗಡೆಗಳಿಗಾಗಿ ಸರ್ಕಾರಕ್ಕೆ ಮನವಿ ಸಲ್ಲಿಸುವುದು ಯುಕ್ತವೇ. ಆದರೆ ಮಳಿಗೆಯೊಳಗಿನ ಇಕ್ಕಟ್ಟಿಗೆ ಬಹುಮಟ್ಟಿಗೆ ನಾವೇ ಹೊಣೆಗಾರರು.

ಪ್ರತಿವರ್ಷ ಮಾರ್ಚ್ ಅಂತ್ಯದ ದಾಸ್ತಾನು ಪರಿಶೀಲನೆಗೆ ಹೋದಾಗ ನಾನು ಕಾಣುವ ದೃಶ್ಯ ಒಂದೇ. ಮೆಟ್ಟಿಲುಗಳ ಎರಡೂ ಬದಿ ಪೆಟ್ಟಿಗೆಗಳು. ಅಟ್ಟದ ಮೇಲೆ ಮೂರು ವರ್ಷದಿಂದ ಕದಲದ ಮಾಲು. ಪ್ರಶ್ನಿಸಿದರೆ, "ಸ್ವಂತ ಕಟ್ಟಡ ಸ್ವಾಮಿ, ಬಾಡಿಗೆ ಕೊಡಬೇಕೆ?" ಎಂಬ ಉತ್ತರ ಸಿದ್ಧ.

ಇಲ್ಲಿಯೇ ನಮ್ಮ ಲೆಕ್ಕ ತಪ್ಪುತ್ತದೆ. 200 ಚದರ ಅಡಿಯ ಮಳಿಗೆಗೆ ಮಾಸಿಕ 40,000 ರೂಪಾಯಿ ಬಾಡಿಗೆ ಬರಬಹುದೆಂದು ಭಾವಿಸೋಣ. ಚದರ ಅಡಿಗೆ 200 ರೂಪಾಯಿ. ಕದಲದ ಮಾಲು 30 ಚದರ ಅಡಿ ಆಕ್ರಮಿಸಿದ್ದರೆ ತಿಂಗಳಿಗೆ 6,000, ವರ್ಷಕ್ಕೆ 72,000 ರೂಪಾಯಿ. ಖಾತೆಯಲ್ಲಿ ಈ ಮೊತ್ತ ಕಾಣದು. ಲಾಭದಲ್ಲಿ ಮಾತ್ರ ಕರಗಿಹೋಗಿರುತ್ತದೆ. ಅಂತಹ ಮಾಲನ್ನು ಅಸಲಿಗಿಂತ ಕಡಿಮೆ ಬೆಲೆಗೆ ಮಾರಿದರೂ ಅನೇಕ ವೇಳೆ ಲಾಭವೇ.

ಹಣದ ನಷ್ಟವನ್ನಾದರೂ ತುಂಬಿಕೊಳ್ಳಬಹುದು. 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯಲ್ಲಿ, ಕೆಳಗೆ ಸರಕು, ಮೇಲೆ ವಾಸದ ಮನೆ ಇದ್ದ ಕಟ್ಟಡವೊಂದಕ್ಕೆ ಬೆಂಕಿ ತಗುಲಿ ಮಕ್ಕಳೂ ಸೇರಿ ಐವರು ಅಸುನೀಗಿದರು. ನಮ್ಮಲ್ಲಿ ಅನೇಕರ ಕುಟುಂಬಗಳೂ ನೌಕರರೂ ಇಂತಹ ಕಟ್ಟಡಗಳಲ್ಲಿಯೇ ಮಲಗುತ್ತಾರೆ. ಮೆಟ್ಟಿಲು ದಾಸ್ತಾನಿಗೆ ಇರುವ ಸ್ಥಳವಲ್ಲ. ಅದು ಜೀವ ಉಳಿಸಿಕೊಳ್ಳುವ ದಾರಿ.

ವಿಮೆ ಇದೆಯೆಂಬ ಸಮಾಧಾನವೂ ಪೂರ್ಣವಲ್ಲ. 40 ಲಕ್ಷದ ದಾಸ್ತಾನನ್ನು 20 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದು, 10 ಲಕ್ಷ ನಷ್ಟವಾದರೆ, ಸರಾಸರಿ ನಿಯಮದಂತೆ ಕೈಗೆ ಬರುವುದು ಸುಮಾರು 5 ಲಕ್ಷ. ಪಾಲಿಸಿಯಲ್ಲಿ ನಮೂದಿಸದ ಸ್ಥಳದಲ್ಲಿ ಮಾಲು ಇಟ್ಟಿದ್ದರೆ ಅದೂ ದೊರೆಯದಿರಬಹುದು.

ಹಾಗಾದರೆ ಮಾರ್ಗವೇನು? ಪೇಟೆಯ ಮಳಿಗೆಯಲ್ಲಿ ಮಾದರಿಗಳೂ ವಾರದ ಮಾರಾಟಕ್ಕೆ ಸಾಲುವಷ್ಟು ಸರಕೂ ಇರಲಿ. ಉಳಿದದ್ದು ಊರ ಹೊರಗಿನ ಗೋದಾಮಿಗೆ ಹೋಗಲಿ. ಆ ಗೋದಾಮನ್ನು ಜಿಎಸ್‌ಟಿ ನೋಂದಣಿಯಲ್ಲಿ ಹೆಚ್ಚುವರಿ ವ್ಯವಹಾರ ಸ್ಥಳವಾಗಿ ಸೇರಿಸಲು 15 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಒಂದೇ ನೋಂದಣಿಯಡಿ ರಾಜ್ಯದೊಳಗೆ ಮಾಲು ಸಾಗಿಸಿದರೆ ತೆರಿಗೆ ಇಲ್ಲ. ಡೆಲಿವರಿ ಚಲನ್ ಮುಂತಾದ ದಾಖಲೆಗಳು ಇರಬೇಕು. ವಿಮಾ ಪಾಲಿಸಿಯಲ್ಲಿಯೂ ಆ ವಿಳಾಸವನ್ನು ಸೇರಿಸುವುದನ್ನು ಮರೆಯಬಾರದು.

ಒಬ್ಬರಿಗೆ ಗೋದಾಮು ಭಾರವೆನಿಸಿದರೆ ನಾಲ್ವರು ಸೇರಿ ಹಿಡಿಯಬಹುದು. ಮಾಲು ಇಳಿಸುವ ವೇಳೆಯನ್ನು ಬೀದಿಬೀದಿಯ ವರ್ತಕರೇ ಕುಳಿತು ನಿಗದಿಪಡಿಸಿಕೊಳ್ಳಬಹುದು. ಈ ಎರಡು ಕಾರ್ಯಗಳಲ್ಲಿ ನಮ್ಮ ಸಂಸ್ಥೆಯು ಮುಂದಾಳತ್ವ ವಹಿಸಬೇಕೆಂಬುದು ನನ್ನ ವಿನಂತಿ. ಅಲ್ಲಿಯವರೆಗೆ ಕಾಯಬೇಕಾಗಿಲ್ಲದ ಕಾರ್ಯವೊಂದಿದೆ: ಇಂದು ಸಂಜೆ ಬಾಗಿಲು ಹಾಕುವ ಮುನ್ನ ಮೆಟ್ಟಿಲನ್ನು ತೆರವುಗೊಳಿಸಿ.