ಆಕಾಶದ್ದಾದರೂ ಸರಿ, ಕಾಲುವೆಯದ್ದಾದರೂ ಸರಿ, ಲೆಕ್ಕ ಕೊಡಿ

2023ರ ನವೆಂಬರ್ 19ರಂದು ಮಣಿಪುರದ ಇಂಫಾಲ ವಿಮಾನ ನಿಲ್ದಾಣದ ಮೇಲೆ ಯಾವುದೋ ವಸ್ತು ಹಾರುತ್ತಿರುವುದು ಕಾಣಿಸಿತು. ಕೆಲವು ಗಂಟೆ ವಿಮಾನ ಸಂಚಾರವನ್ನೇ ನಿಲ್ಲಿಸಿದರು. ಅದನ್ನು ಹುಡುಕಲು ರಫೇಲ್ ಯುದ್ಧವಿಮಾನಗಳು ಹೋದವು ಎಂದು ಪತ್ರಿಕೆಗಳು ಬರೆದವು. ವಾಯುಪಡೆ ಹೇಳಿದ್ದು ಇಷ್ಟೇ: ರಕ್ಷಣಾ ವ್ಯವಸ್ಥೆಯನ್ನು ಸಜ್ಜುಗೊಳಿಸಿದೆವು, ಆ ಚಿಕ್ಕ ವಸ್ತು ಆಮೇಲೆ ಕಾಣಿಸಲಿಲ್ಲ. ಸರ್ಕಾರದ ಮಟ್ಟಿಗೆ ಕತೆ ಅಲ್ಲಿಗೆ ಮುಗಿಯಿತು. ನಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಮುಗಿಯಲಿಲ್ಲ. ಏಲಿಯನ್, ಚೀನಾದ ಡ್ರೋನ್, ಯಾರಿಗೆ ಏನು ಬೇಕೋ ಅದು.

ನನಗೆ ಏಲಿಯನ್‌ಗಳ ಮೇಲೆ ನಂಬಿಕೆ ಇಲ್ಲ. ತಕರಾರು ಇರುವುದು ಉತ್ತರ ಕೊಡದೆ ಸುಮ್ಮನಾಗುವ ಅಭ್ಯಾಸದ ಬಗ್ಗೆ.

2012ರಲ್ಲಿ ಲಡಾಖ್ ಗಡಿಯಲ್ಲಿ ನಮ್ಮ ಸೈನಿಕರು ಹೊಳೆಯುವ ವಸ್ತುಗಳನ್ನು ಕಂಡು ತಿಂಗಳುಗಟ್ಟಲೆ ದಾಖಲಿಸಿಕೊಂಡರು. ಚೀನಾದ ಬೇಹುಗಾರಿಕೆ ಡ್ರೋನ್ ಇರಬಹುದೆಂಬ ಗುಮಾನಿ. ಕೊನೆಗೆ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರನ್ನು ಕೇಳಿದಾಗ ಗೊತ್ತಾಯಿತು, ಅವು ಗುರು ಮತ್ತು ಶುಕ್ರ ಗ್ರಹಗಳು! ನಗಬೇಡಿ, ಅಷ್ಟು ಎತ್ತರದ ತೆಳು ಗಾಳಿಯಲ್ಲಿ ಗ್ರಹಗಳು ನಮ್ಮೂರಿಗಿಂತ ಪ್ರಖರವಾಗಿ ಕಾಣುತ್ತವೆ. ಆದರೆ ಗೊತ್ತಿದ್ದವರನ್ನು ಮೊದಲೇ ಕೇಳಬಹುದಿತ್ತಲ್ಲ? ಅದೇ ಸ್ಟಾರ್‌ಲಿಂಕ್ ಉಪಗ್ರಹಗಳನ್ನು ನೋಡಿ. ರಾತ್ರಿ ದೀಪದ ಸಾಲು ಹೋದಂತೆ ಕಂಡಾಗ ಗಾಬರಿಯಾಗುತ್ತದೆ ನಿಜ, ಆದರೆ ಅವುಗಳ ಉಡಾವಣೆ, ಕಕ್ಷೆ ಎಲ್ಲ ಬಹಿರಂಗ. ತ್ರಾಸಿ ಕಡಲ ಕಿನಾರೆಯಲ್ಲಿ ನಿಂತು ಮೊಬೈಲ್‌ನಲ್ಲೇ ಹುಡುಕಿಕೊಳ್ಳಬಹುದು.

ಅಮೆರಿಕದ ಪೆಂಟಗನ್ 2007ರಿಂದ ಐದು ವರ್ಷ ಇಂಥ ವಸ್ತುಗಳ ಅಧ್ಯಯನಕ್ಕೆಂದು 2.2 ಕೋಟಿ ಡಾಲರ್ ಖರ್ಚು ಮಾಡಿತು. ಜನರಿಗೆ ಅದು ತಿಳಿದದ್ದು 2017ರಲ್ಲಿ, ಪತ್ರಿಕೆ ಬರೆದ ಮೇಲೆ. 2024ರ ಮಾರ್ಚ್‌ನಲ್ಲಿ ಪೆಂಟಗನ್ನೇ ವರದಿ ಕೊಟ್ಟಿತು: ಅನ್ಯಗ್ರಹದ ತಂತ್ರಜ್ಞಾನಕ್ಕೆ ಪುರಾವೆ ಇಲ್ಲ, ಜನ ಕಂಡದ್ದರಲ್ಲಿ ಕೆಲವು ಸರ್ಕಾರವೇ ಗುಟ್ಟಾಗಿ ಹಾರಿಸಿದ ವಿಮಾನಗಳು. ಇಷ್ಟು ವರ್ಷ ಮುಚ್ಚಿಟ್ಟವರು ಈಗ ನಿಜ ಹೇಳಿದರೂ ಅರ್ಧ ಜನ ನಂಬುವುದಿಲ್ಲ.

ದೇಶದ ಭದ್ರತೆಯ ವಿಷಯವನ್ನೆಲ್ಲ ಬಹಿರಂಗಪಡಿಸಲು ಆಗುವುದಿಲ್ಲ, ಒಪ್ಪುತ್ತೇನೆ. ಮಾಹಿತಿ ಹಕ್ಕು ಕಾಯ್ದೆಯ 8ನೇ ಕಲಂ ಅದಕ್ಕೇ ಇದೆ. ಆದರೆ ಗುಟ್ಟಿನ ಭಾಗವನ್ನು ಬಿಟ್ಟು ಉಳಿದದ್ದನ್ನು ಕೊಡಿ ಎನ್ನುವ 10ನೇ ಕಲಂ ಕೂಡ ಅದೇ ಕಾಯ್ದೆಯಲ್ಲಿದೆ. ನಾವು ಮಾತ್ರ ದಿನ ಹೋದಂತೆ ಮುಚ್ಚುವುದಕ್ಕೇ ಒಗ್ಗಿಕೊಳ್ಳುತ್ತಿದ್ದೇವೆ. 2019ರಲ್ಲಿ ಸಂಸತ್ತಿಗೆ ಬಂದ ಸಿಎಜಿ ವರದಿಯಲ್ಲಿ ಇದೇ ರಫೇಲ್‌ನ ಬೆಲೆಯ ಅಂಕಿಗಳನ್ನು ಮರೆಮಾಡಲಾಗಿತ್ತು. ಖರ್ಚು ಪರಿಶೀಲಿಸುವ ವರದಿಯಲ್ಲೇ ಖರ್ಚು ಕಾಣದಿದ್ದರೆ ಹೇಗೆ?

ಕುಂದಾಪುರದವರಿಗೆ ರಫೇಲ್ ಯಾಕೆ ಎನ್ನುತ್ತೀರಾ? ಹಾಗಾದರೆ ವಾರಾಹಿಗೆ ಬನ್ನಿ. ಈ ನೀರಾವರಿ ಯೋಜನೆ 1979ರಲ್ಲಿ ಶುರುವಾದಾಗ ಅಂದಾಜು ವೆಚ್ಚ 9.43 ಕೋಟಿ ರೂ. ಅದು ನೂರಾರು ಕೋಟಿಗೆ ಏರಿತು, ಶಂಕುಸ್ಥಾಪನೆಯ ಹೊತ್ತಿಗೆ ಕಾಲೇಜಿನಲ್ಲಿದ್ದವರು ನಿವೃತ್ತರಾದರು. ಕಾಲುವೆಯಲ್ಲಿ ಶತ್ರುದೇಶಕ್ಕೆ ತಿಳಿಯಬಾರದ ಗುಟ್ಟೇನೂ ಇಲ್ಲ. ಆದರೂ ಯಾವ ವರ್ಷ, ಯಾವ ಕಾಮಗಾರಿಗೆ, ಎಷ್ಟು ಹೋಯಿತು ಎಂದು ನೀರಿಗೆ ಕಾದ ರೈತರಲ್ಲಿ ಎಷ್ಟು ಮಂದಿಗೆ ಗೊತ್ತು?

ನಮ್ಮ ಪಾಲಿನದ್ದನ್ನೂ ಹೇಳಬೇಕು. ಕೆಎಎಸ್, ಎಫ್‌ಡಿಎ ಎಂದು ಓದುವವರೆಲ್ಲ ಸಂವಿಧಾನದ 148ನೇ ವಿಧಿ ಅಂದರೆ ಸಿಎಜಿ ಎಂದು ಬಾಯಿಪಾಠ ಮಾಡಿದವರೇ. ಆ ಸಿಎಜಿ ವರದಿಗಳು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಒಂದನ್ನಾದರೂ ತೆರೆದು ನೋಡಿದ ಗೆಳೆಯರನ್ನು ನಾನಿನ್ನೂ ಕಂಡಿಲ್ಲ. ಗ್ರಾಮ ಪಂಚಾಯತ್‌ನ ಜಮಾಬಂದಿಗೂ ಅಷ್ಟೇ, ನಮ್ಮ ವಯಸ್ಸಿನವರು ಅತ್ತ ಸುಳಿಯುವುದಿಲ್ಲ.

ಇಂಫಾಲದ ಮೇಲೆ ಹಾರಿದ್ದು ಏನೆಂದು ದೆಹಲಿಯವರೇ ಹೇಳಬೇಕು. ಕಾಲುವೆ, ರಸ್ತೆ, ಕುಡಿಯುವ ನೀರಿನ ಹಣ ಎಲ್ಲಿ ಹೋಯಿತೆಂದು ನಾವೇ ಕೇಳಬಹುದು. ಬೈಂದೂರು, ಬ್ರಹ್ಮಾವರದವರಿಗೆ 2018ರಿಂದ ತಾಲೂಕು ಕಚೇರಿಯೂ ಹತ್ತಿರವೇ ಇದೆ. ಒಂದೇ ವಿಷಯ, 150 ಪದದೊಳಗಿನ ಅರ್ಜಿ, 10 ರೂಪಾಯಿಯ ಪೋಸ್ಟಲ್ ಆರ್ಡರ್. 30 ದಿನದಲ್ಲಿ ಉತ್ತರ ಬರದಿದ್ದರೆ ಮೇಲ್ಮನವಿ.