ಅಣ್ಣನ ಒಡಲು, ತಮ್ಮನ ಬೆನ್ನೆಲುಬು

ಅಕ್ಕನ ಸೀರೆಯನ್ನು ತಂಗಿ ನಿಶ್ಚಿಂತೆಯಾಗಿ ಉಡಬಹುದು. ರವಿಕೆಯಾದರೋ ಹೊಲಿಗೆ ಬಿಚ್ಚಿ ಅಳತೆ ನೋಡಿದ ಮೇಲಿನ ಮಾತು. ಒಂದೇ ಮನೆತನಕ್ಕೆ ಸೇರಿದ ಎರಡು ಕಾರು ಎಂಜಿನುಗಳ ವಿಷಯವೂ ಹೀಗೆಯೇ. ಒಂದರ ಒಳಗಿನ ಭಾಗವನ್ನು ತೆಗೆದು ಇನ್ನೊಂದರಲ್ಲಿ ಕೂಡಿಸುವುದು ಬಡ ಗ್ಯಾರೇಜಿನ ಉಪಾಯವೆಂದು ಅನೇಕರು ತಿಳಿದಿದ್ದಾರೆ. ಅಮೆರಿಕದ ಷೆವರ್ಲೆ ಕಂಪನಿ 1967ರಲ್ಲಿ ತನ್ನ ಕಾರ್ಖಾನೆಯಲ್ಲಿಯೇ ಈ ಉಪಾಯವನ್ನು ಹೂಡಿತೆಂದರೆ ವಾಚಕರಿಗೆ ಸೋಜಿಗವೆನಿಸೀತು.

ಆಗ ಅಲ್ಲಿ ಟ್ರಾನ್ಸ್-ಆಮ್ ಎಂಬ ಕಾರು ಪಂದ್ಯಮಾಲೆ ಹೊಸದಾಗಿ ನಡೆಯುತ್ತಿತ್ತು. ಎಂಜಿನಿನ ಗಾತ್ರ 305 ಘನ ಅಂಗುಲವನ್ನು ಮೀರಬಾರದೆಂಬುದು ಅದರ ನಿಯಮ. ಕಂಪನಿಯ ಬಳಿ ಇದ್ದುವು 283 ಘನ ಅಂಗುಲದ ಎಂಜಿನು ಒಂದು, 327ರದು ಇನ್ನೊಂದು. ಮೊದಲನೆಯದು ಪಂದ್ಯಕ್ಕೆ ಚಿಕ್ಕದು; ಎರಡನೆಯದು ನಿಯಮಕ್ಕೆ ದೊಡ್ಡದು. ಏನು ಮಾಡಬೇಕು?

ಎಂಜಿನಿನ ಗಾತ್ರವನ್ನು ನಿರ್ಣಯಿಸುವುವು ಎರಡೇ ಅಳತೆಗಳು: ಸಿಲಿಂಡರಿನ ಅಗಲ, ಅಂದರೆ ಬೋರ್, ಮತ್ತು ಅದರೊಳಗೆ ಪಿಸ್ಟನ್ನು ಓಡಾಡುವ ದೂರ, ಅಂದರೆ ಸ್ಟ್ರೋಕ್. ಬೋರು ಬ್ಲಾಕಿನ ಸೊತ್ತು. ಸ್ಟ್ರೋಕು ಕ್ರ್ಯಾಂಕ್ ಶಾಫ್ಟಿನ ಸೊತ್ತು. 327ರ ಬ್ಲಾಕಿನ ಬೋರು 4 ಅಂಗುಲ. 283ರ ಕ್ರ್ಯಾಂಕ್ ಕೊಡುವ ಸ್ಟ್ರೋಕು 3 ಅಂಗುಲ. ಅಣ್ಣನ ಒಡಲಿಗೆ ತಮ್ಮನ ಬೆನ್ನೆಲುಬನ್ನು ಹಾಕಿ ಎಂಟು ಸಿಲಿಂಡರುಗಳಿಗೆ ಲೆಕ್ಕ ಕಟ್ಟಿದರೆ ಬರುವುದು ಸುಮಾರು 302. ನಿಯಮದ ಗೆರೆಯ ಕೆಳಗೆ ಮೂರೇ ಮೂರು ಘನ ಅಂಗುಲ! ಕಮಾರೊ ಕಾರಿನ ಜ಼ಡ್-28 ಎಂಬ ಮಾದರಿಗೆ ಈ ಎಂಜಿನು ಸಂದಿತು. ಮೊದಲ ವರ್ಷ ತಯಾರಾದುವು 602 ಕಾರುಗಳು ಮಾತ್ರ. ಆದರೇನು? 1968ರಲ್ಲಿಯೂ 1969ರಲ್ಲಿಯೂ ತಯಾರಕರ ಪ್ರಶಸ್ತಿ ಷೆವರ್ಲೆಗೇ ಬಂದಿತು. 1968ರ ಹದಿಮೂರು ಪಂದ್ಯಗಳಲ್ಲಿ ಹತ್ತನ್ನು ಮಾರ್ಕ್ ಡೊನೊಹ್ಯೂ ಒಬ್ಬರೇ ಗೆದ್ದರು.

ಸ್ಟ್ರೋಕು ಗಿಡ್ಡವಾದುದರಿಂದ ಬೇರೊಂದು ಲಾಭವೂ ಇತ್ತು. ನಿಮಿಷಕ್ಕೆ 7000 ಸುತ್ತು ತಿರುಗುವಾಗ 3 ಅಂಗುಲದ ಸ್ಟ್ರೋಕಿನಲ್ಲಿ ಪಿಸ್ಟನ್ನು ನಿಮಿಷಕ್ಕೆ 3500 ಅಡಿ ಓಡುತ್ತದೆ. ಅದೇ ವೇಗದಲ್ಲಿ ಸ್ಟ್ರೋಕು 3.75 ಅಂಗುಲವಾಗಿದ್ದರೆ 4375 ಅಡಿ ಓಡಬೇಕು. ಕಡಮೆ ಓಡುವವನು ಹೆಚ್ಚು ಹೊತ್ತು ಬಾಳುತ್ತಾನೆ.

ಅದು ಸರಿ, ಒಂದರ ಶಾಫ್ಟು ಇನ್ನೊಂದರ ಒಡಲಲ್ಲಿ ಕುಳಿತುದಾದರೂ ಹೇಗೆ? ಈ ಮನೆತನ ಹುಟ್ಟಿದ್ದು 1955ರಲ್ಲಿ, 265 ಘನ ಅಂಗುಲದ ಎಂಜಿನಿನೊಡನೆ. ಮುಂದೆ 283, 327, 350, 1970ರಲ್ಲಿ 400 ಎಂದು ಹೊಟ್ಟೆ ಬೆಳೆಯುತ್ತ ಹೋಯಿತು. ಆದರೆ ಎರಡು ಅಳತೆಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅಕ್ಕಪಕ್ಕದ ಸಿಲಿಂಡರುಗಳ ನಡುಬಿಂದುಗಳ ನಡುವಿನ ಅಂತರ 4.40 ಅಂಗುಲ; ಶಾಫ್ಟಿನ ನಡುವಿನಿಂದ ಬ್ಲಾಕಿನ ಮೇಲ್ಮೈವರೆಗಿನ ಎತ್ತರ 9.025 ಅಂಗುಲ.

ಈ ಎತ್ತರವೇ ಮನೆಯ ತಿಂಗಳ ಸಂಬಳವೆಂದಿಟ್ಟುಕೊಳ್ಳಿ. ಅದರೊಳಗೆ ಮೂರು ಖರ್ಚುಗಳು ನಡೆಯಬೇಕು: ಸ್ಟ್ರೋಕಿನ ಅರ್ಧ, ಕನೆಕ್ಟಿಂಗ್ ರಾಡಿನ ಉದ್ದ, ಪಿಸ್ಟನ್ನಿನ ಪಿನ್ನಿನಿಂದ ನೆತ್ತಿಯವರೆಗಿನ ಎತ್ತರ. 327ರಲ್ಲಿ 1.625, 5.7, 1.675 ಕೂಡಿ 9 ಅಂಗುಲ. 302ರಲ್ಲಿ ಸ್ಟ್ರೋಕಿನ ಅರ್ಧ 1.5ಕ್ಕೆ ಇಳಿಯಿತು, ರಾಡು 5.7ರದೇ ಉಳಿಯಿತು, ಆದುದರಿಂದ ಪಿಸ್ಟನ್ನಿನ ನೆತ್ತಿಯನ್ನು 1.8ಕ್ಕೆ ಏರಿಸಿ ಮತ್ತೆ 9ಕ್ಕೆ ತಂದರು. 327ರ ಪಿಸ್ಟನ್ನನ್ನೇ ಇಟ್ಟಿದ್ದರೆ ಅದು ಅಂಗುಲದ ಎಂಟನೆಯ ಒಂದು ಪಾಲು ಕೆಳಗೆ ನಿಂತು, ಎಂಜಿನು ಅನಿಲವನ್ನು ಅದುಮಲಾರದೆ ಸೋಮಾರಿಯಾಗುತ್ತಿತ್ತು. ಶಾಫ್ಟು ಬದಲಾದಲ್ಲಿ ಪಿಸ್ಟನ್ನನ್ನು ವಿಚಾರಿಸದೆ ಮುಂದುವರಿಯುವಂತಿಲ್ಲ.

ಕಂಪನಿ ಚಿಕ್ಕದು ಮಾಡಿದುದನ್ನು ಜನ ದೊಡ್ಡದು ಮಾಡಿದರು. 350ರ ಬ್ಲಾಕಿಗೆ 400ರ ಶಾಫ್ಟನ್ನು ಹಾಕಿ, ಬೋರನ್ನು 0.030 ಅಂಗುಲ ಹಿಗ್ಗಿಸಿದರೆ 383 ಘನ ಅಂಗುಲ ದೊರೆಯುತ್ತದೆ. ಅಮೆರಿಕದ ಗ್ಯಾರೇಜುಗಳಲ್ಲಿ ಈ ಸಂಖ್ಯೆಗೆ ದೊಡ್ಡ ಹೆಸರುಂಟು. ಆದರೆ ಇಲ್ಲಿ ರವಿಕೆಯ ಹೊಲಿಗೆ ಬಿಚ್ಚಲೇಬೇಕು. ಬೇರಿಂಗಿನಲ್ಲಿ ತಿರುಗುವ ಶಾಫ್ಟಿನ ಕಂಠ 400ರಲ್ಲಿ 2.65 ಅಂಗುಲ ದಪ್ಪ, 350ರಲ್ಲಿ 2.45 ಅಂಗುಲ, ಅಷ್ಟನ್ನು ಅರೆದು ತೆಗೆಯಬೇಕು. ಹಿರಿದಾದ ಸ್ಟ್ರೋಕಿನಿಂದ ರಾಡಿನ ಬೋಲ್ಟುಗಳು ಬ್ಲಾಕಿನ ಕೆಳ ಅಂಚಿಗೆ ತಾಗುವುದುಂಟು. ಅಲ್ಲಿಯೂ ಉಜ್ಜಿ ದಾರಿ ಮಾಡಬೇಕು. ಇಷ್ಟು ಮಾಡಿಯೂ ಮೋಸಹೋದವರಿದ್ದಾರೆ. 400ರ ಶಾಫ್ಟಿನ ಸಮತೂಕದ ಒಂದು ಪಾಲು ಹೊರಗೆ, ಮುಂದಿನ ಡ್ಯಾಂಪರಿನಲ್ಲಿಯೂ ಹಿಂದಿನ ಫ್ಲೈವೀಲಿನಲ್ಲಿಯೂ ಇರುತ್ತದೆ. ಶಾಫ್ಟನ್ನು ತಂದು ಅವೆರಡನ್ನು ಮರೆತವನ ಎಂಜಿನು ಚಳಿಜ್ವರ ಬಂದವರಂತೆ ನಡುಗಿ, ತನ್ನ ಬೇರಿಂಗನ್ನು ತಾನೇ ತಿನ್ನುತ್ತದೆ.

ಒಂದೇ ಹೆಸರಿನ ಎಂಜಿನುಗಳೂ ಒಂದೇ ಎಂದು ನಂಬುವಂತಿಲ್ಲ. 1967ರವರೆಗಿನ 327ರಲ್ಲಿ ಆ ಕಂಠ 2.30 ಅಂಗುಲವಿತ್ತು, 1968ರಲ್ಲಿ ಅದೇ 327ಕ್ಕೆ 2.45 ಆಯಿತು. ಹಳೆಯ ಸಾಮಾನಿನ ಅಂಗಡಿಯಲ್ಲಿ ಸಂಖ್ಯೆಯೊಂದನ್ನೇ ಕೇಳಿ ಹಣ ತೆತ್ತು ಬಂದವನ ಗತಿಯನ್ನು ಊಹಿಸಬಹುದು. ಮೈಕ್ರೊಮೀಟರು ಜೇಬಿನಲ್ಲಿದ್ದವನು ಮೋಸಹೋಗುವುದಿಲ್ಲ.

ಇನ್ನು 400ರ ಬ್ಲಾಕನ್ನೇ ಕೊಂಡು, ಮನೆಯಲ್ಲಿರುವ 350ರ ಸಿಲಿಂಡರ್ ಹೆಡ್ಡುಗಳನ್ನು ಅದರ ಮೇಲೆ ಬಿಗಿಯುವ ಯೋಚನೆ ಕೆಲವರದು. ಬೋಲ್ಟುಗಳು ಲಕ್ಷಣವಾಗಿ ಕೂಡುತ್ತವೆ. ಆದರೆ 400ರ ಬೋರು 4.125 ಅಂಗುಲ, 4.40ರ ಅಂತರದಲ್ಲಿ ಎರಡು ಸಿಲಿಂಡರುಗಳ ನಡುವೆ ಉಳಿಯುವುದು 0.275 ಅಂಗುಲ ಮಾತ್ರ. ನೀರು ಹರಿಯಲು ಅಲ್ಲಿ ಎಡೆಯಿಲ್ಲದೆ ಗೋಡೆಗಳು ಬೆಸೆದುಕೊಂಡಿವೆ. ಅಲ್ಲಿ ಕಟ್ಟಿಕೊಳ್ಳುವ ಆವಿ ಹೊರಬರಲೆಂದು 400ರ ಹೆಡ್ಡುಗಳಲ್ಲಿ ಸಣ್ಣ ರಂಧ್ರಗಳಿರುತ್ತವೆ. 350ರ ಹೆಡ್ಡುಗಳಲ್ಲಿ ಇರುವುದಿಲ್ಲ. ಬ್ಲಾಕಿನ ರಂಧ್ರಗಳಿಗೆ ಸರಿಯಾಗಿ ಅವನ್ನು ಕೊರೆದ ಮೇಲೆಯೇ ಹೆಡ್ಡನ್ನು ಕೂಡಿಸತಕ್ಕದ್ದು.