ಬೆಂಗಳೂರಿಗೆ ಕರ್ಕೊಂಡ್ಹೋಗಿ

ನಮ್ಮ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಅತಿ ಹೆಚ್ಚು ಬರೆದುಕೊಡುವ ಔಷಧಿ ಯಾವುದು ಅಂತ ಯಾರಾದರೂ ಕೇಳಿದರೆ, ‘ಬೆಂಗಳೂರು’ ಅಂತ ಧೈರ್ಯವಾಗಿ ಹೇಳಿಬಿಡಬಹುದು. ರಾತ್ರಿ ಹೆರಿಗೆ ಕಷ್ಟವಾಯ್ತಾ, ಬೆಂಗಳೂರು. ತಲೆಗೆ ಪೆಟ್ಟಾಯ್ತಾ, ಬೆಂಗಳೂರು. ಎದೆನೋವಾ, ಕೇಳಲೇಬೇಡಿ. ಒಂದು ಚೀಟಿ, ಒಂದು ಆಂಬುಲೆನ್ಸು, ಮಿಕ್ಕಿದ್ದು ಮಾದಪ್ಪನ ಮೇಲೆ ಭಾರ.

ಇದು ದಿಕ್ಕಿಲ್ಲದ ಸೀಮೆಯೇನಲ್ಲ. ಕೆಂಗಲ್ ಹನುಮಂತಯ್ಯ, ರಾಮಕೃಷ್ಣ ಹೆಗಡೆ, ದೇವೇಗೌಡ, ಕುಮಾರಸ್ವಾಮಿ, ಎಲ್ಲರನ್ನೂ ಗೆಲ್ಲಿಸಿ ಕಳಿಸಿದ ಕ್ಷೇತ್ರಗಳು ನಮ್ಮವು. 2007ರಲ್ಲಿ ಜಿಲ್ಲೆಯೂ ಆಯ್ತು. 2024ರಲ್ಲಂತೂ ಜಯದೇವ ಆಸ್ಪತ್ರೆ ಕಟ್ಟಿ ಬೆಳೆಸಿದ ಡಾ. ಮಂಜುನಾಥ್ ಅವರನ್ನೇ ಸಂಸದರನ್ನಾಗಿ ಕಳಿಸಿದೆವು. ಹೃದಯದ ಡಾಕ್ಟರೇ ಸಂಸದರು. ಎದೆ ಹಿಡ್ಕೊಂಡ್ರೆ ಇವತ್ತಿಗೂ ಬೆಂಗಳೂರಿನ ದಾರಿಯೇ.

ಇನ್ನು ಮೆಡಿಕಲ್ ಕಾಲೇಜಿನ ಕತೆ. ಕನಕಪುರಕ್ಕೆ ಮಂಜೂರಾಗಿದ್ದು 2019ರಲ್ಲಿ ಸರ್ಕಾರ ಬದಲಾದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಯ್ತು. 2023ರಲ್ಲಿ ರಾಮನಗರದ ಕಾಲೇಜು ಕನಕಪುರಕ್ಕೆ ಹೋಗುತ್ತಂತೆ ಅಂತ ಗಲಾಟೆಯೆದ್ದು, ಸೆಪ್ಟೆಂಬರಿನಲ್ಲಿ ರಾಮನಗರ ಬಂದ್ ಆಯ್ತು. 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಅರ್ಚಕರಹಳ್ಳಿಗೆ ಬರುತ್ತೆ ಬರುತ್ತೆ ಅಂತ ಜಮೀನಿನ ವಿಚಾರ ವರ್ಷಗಟ್ಟಲೆ ಕೋರ್ಟು ಅಲೆಯಿತು. ಕೊನೆಗೆ 2025ರ ಮೇ ತಿಂಗಳಲ್ಲಿ ಜಿಲ್ಲೆಗೇ ‘ಬೆಂಗಳೂರು ದಕ್ಷಿಣ’ ಅಂತ ಹೆಸರಿಡಲು ಸಂಪುಟ ಒಪ್ಪಿತು. ಇದೊಂಥರಾ ಪ್ರಾಮಾಣಿಕ ತೀರ್ಮಾನ ಬಿಡಿ. ಹೇಗೂ ರೋಗಿಗಳನ್ನೆಲ್ಲ ಅಲ್ಲಿಗೇ ಕಳಿಸ್ತಿದ್ರಲ್ಲ.

ಬಂದ್ ಮಾಡಿದವರ ಸಿಟ್ಟು ಸುಳ್ಳು ಅಂತ ನಾನು ಹೇಳಲ್ಲ. ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಅರಿವಳಿಕೆ ಡಾಕ್ಟರಿಲ್ಲ ಅಂತ ಒಂದು ದಿನವಾದರೂ ಅಂಗಡಿ ಬಾಗಿಲು ಹಾಕಿದ್ದೀವಾ? ಸಿಸೇರಿಯನ್ ಮಾಡಬೇಕಾದರೆ ಹೆರಿಗೆ ತಜ್ಞರು, ಅರಿವಳಿಕೆ ಕೊಡುವವರು, ಮಗು ನೋಡುವವರು, ಫ್ರಿಜ್ಜಿನಲ್ಲಿ ರಕ್ತ, ಎಲ್ಲ ಒಂದೇ ಹೊತ್ತಿಗೆ ಇರಬೇಕು. ಒಬ್ಬರು ರಜೆ ಹಾಕಿದರೂ ಆಪರೇಷನ್ ಥಿಯೇಟರು ಬರೀ ಟೈಲ್ಸ್ ಹಾಕಿದ ರೂಮು. ಡ್ಯೂಟಿ ಡಾಕ್ಟರನ್ನ ಬೈದು ಏನು ಮಾಡೋದು? ಒಬ್ಬನೇ ಇದ್ದಾನೆ, ಕೈ ಹಾಕಿ ಏನಾದರೂ ಆದರೆ ಜನ ಹೊಡೀತಾರೆ. ಚೀಟಿ ಬರೆದರೆ ಅವನು ಬಚಾವು.

‘ಬೆಂಗಳೂರು ಐವತ್ತು ಕಿಲೋಮೀಟರು, ಎಕ್ಸ್‌ಪ್ರೆಸ್ ವೇ ಇದೆಯಲ್ಲ’ ಅನ್ನುವವರಿದ್ದಾರೆ. ಸ್ವಾಮಿ, ಆ ರಸ್ತೆ ರಾಮನಗರ, ಚನ್ನಪಟ್ಟಣದ ಪಕ್ಕ ಹೋಗುತ್ತೆ, ಮಾಗಡಿಗೆ ಹೋಗಲ್ಲ, ಕಾವೇರಿ ಕಾಡಂಚಿನ ಉಯ್ಯಂಬಳ್ಳಿ ಕಡೆಗೂ ಹೋಗಲ್ಲ. ಬಡವರ ಆಟೋವನ್ನ 2023ರ ಆಗಸ್ಟಿನಿಂದ ಅದರ ಮೇಲೆ ಬಿಡ್ತಾನೂ ಇಲ್ಲ. ಕೆಂಗೇರಿವರೆಗೆ ಹಾರಿಕೊಂಡು ಬಂದ ಆಂಬುಲೆನ್ಸು ನಾಯಂಡಹಳ್ಳಿಯಲ್ಲಿ ನಿಂತರೆ ವಿಕ್ಟೋರಿಯಾ ಮುಟ್ಟೋದು ಯಾವಾಗ? ಜೊತೆಗೆ ಹೋದವರ ಗೋಳು ಬೇರೆ. ರೇಷ್ಮೆ ಹುಳು ಹಣ್ಣಾಗೋ ಹೊತ್ತಿಗೆ ಮನೆಯ ಇಬ್ಬರು ವಾಣಿವಿಲಾಸದ ಮುಂದೆ ಟವೆಲ್ ಹಾಸಿ ಮಲಗಿದರೆ ಆ ಬೆಳೆ ಹೋಯ್ತು ಅಂತಲೇ ಲೆಕ್ಕ.

ಇದರ ಮೇಲೆ ಆಯುಷ್ಮಾನ್ ಬಂತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಒಳ್ಳೇದೇ. ಆದರೆ ತುರ್ತಲ್ಲದ ಕಾಯಿಲೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಮೊದಲು ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕು. ಮೊದಲು ಚೀಟಿ ಕೊಟ್ಟು ಕಳಿಸ್ತಾರಲ್ಲ ಅಂತ ಅಳ್ತಿದ್ದ ಜನ ಈಗ ಅದೇ ಚೀಟಿಗೆ ಸಾಲುಗಟ್ಟಿ ನಿಲ್ತಾರೆ. ಇಲ್ಲೇ ಆಗಬೇಕಿದ್ದ ಕೆಲಸ ಇಲ್ಲಿ ಯಾಕಾಗಲ್ಲ ಅಂತ ಕೇಳೋ ಅಭ್ಯಾಸವೇ ತಪ್ಪಿಹೋಗ್ತಿದೆ.

ಕಾಲೇಜು ಯಾವ ಊರಿಗಾದರೂ ಹೋಗಲಿ. ಅದಕ್ಕಿಂತ ಮುಂಚೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕೂ ಕಡೆ ಆಸ್ಪತ್ರೆ ಬಾಗಿಲಲ್ಲಿ ಒಂದು ಬೋರ್ಡ್ ಹಾಕಿ. ಹೋದ ತಿಂಗಳು ಎಷ್ಟು ಹೆರಿಗೆ, ಎಷ್ಟು ಸಿಸೇರಿಯನ್, ಎಷ್ಟು ಜನರನ್ನ ಬೆಂಗಳೂರಿಗೆ ಕಳಿಸಿದಿರಿ, ಎಷ್ಟು ಗಂಟೆಗೆ, ಯಾವ ಡಾಕ್ಟರ್ ಇಲ್ಲ ಅಂತ. ಶಾಸಕರ ಫೋಟೋ ಹಾಕಲು ಆಸ್ಪತ್ರೆ ಮುಂದೆ ಜಾಗ ಇದೆಯಲ್ಲ, ಅಲ್ಲೇ ಹಾಕಿ. ಬಣ್ಣಕ್ಕೆ ದುಡ್ಡಿಲ್ಲ ಅಂದ್ರೆ ಹೇಳಿ, ಊರಿನವರೇ ಚಂದಾ ಎತ್ತಿ ಕೊಡ್ತೀವಿ.